ಲಾಗರ್‌ಶ್ಟೆಟೆಗೆ ಕನ್ನಡ ಕೊಟ್ಟದ್ದು: ನನ್ನ ಅನುಭವ

ಪಳೆಯುಳಿಕೆಗಳು ಒಂದೆಡೆ ರಾಶಿಯಾಗಿಯೋ, ಅಪರೂಪವೆನ್ನುವಷ್ಟು ಕೆಡದೆಯೋ ಉಳಿದಿರುವ ಜಾಗಕ್ಕೆ ಜರ್ಮನ್ನಿನಲ್ಲಿ ಲಾಗರ್‌ಶ್ಟೆಟೆ ಎನ್ನುತ್ತಾರೆ. ಈ ಪದವನ್ನು ಕನ್ನಡಕ್ಕೆ ತರುವ ಗೋಜಿಗೆ ಹೋಗಬೇಡ, ಜರ್ಮನ್ನಿನಲ್ಲೇ ಬಿಡು ಎಂದು ನನಗೆ ಬುದ್ಧಿ ಹೇಳಿದವರು ನಾಲ್ಕೈದು ಜನ. ಅವರಲ್ಲಿ ಇಬ್ಬರು ವಿಜ್ಞಾನ ಅನುವಾದದಲ್ಲೇ ತಲೆ ನರೆತವರು. ಇಂಗ್ಲಿಷಿನವರೇ ಮುಟ್ಟದೆ ಇಟ್ಟುಕೊಂಡಿರುವಾಗ ನಿನ್ನದೇನು ಹೆಚ್ಚುಗಾರಿಕೆ ಎಂದರು. ಮೊದಲ ಸಲ ಅವರ ಮಾತು ಕೇಳಿದೆ, ಕೈ ಸುಟ್ಟುಕೊಂಡೆ.

ಕೆಲಸ ಒಂದು ಪಳೆಯುಳಿಕೆ ಪ್ರದರ್ಶನದ ವಿವರಣಾ ಫಲಕಗಳದು, ಸುಮಾರು ನಲವತ್ತು. ಇಪ್ಪತ್ತರಲ್ಲಾದರೂ ಈ ಪದ ಇತ್ತು. ಏಕವಚನ ಲಾಗರ್‌ಶ್ಟೆಟೆ, ಬಹುವಚನ ಲಾಗರ್‌ಶ್ಟೆಟನ್. ಇದು ಗೊತ್ತಿದ್ದೂ ಅವಸರದಲ್ಲಿ ಒಂದು ಕಡೆ ‘ಲಾಗರ್‌ಶ್ಟೆಟನ್‌ಗಳು’ ಎಂದು ಬಹುವಚನದ ಮೇಲೆ ಬಹುವಚನ ಹೇರಿದ್ದೆ. ಅಕ್ಷರ ಜೋಡಿಸಿದವರು ಇನ್ನೊಂದು ಕಡೆ ಅದನ್ನು ‘ಲ್ಯಾಗರ್ ಸ್ಟೇಟ್’ ಮಾಡಿದರು. ವಿನ್ಯಾಸಕಾರ ಅದು ಅಮೆರಿಕದ ಒಂದು ರಾಜ್ಯವೆಂದು ತಿಳಿದು ಭೂಪಟದಲ್ಲಿ ಕೆಂಪು ಚುಕ್ಕೆ ಇಟ್ಟು ಹೆಸರನ್ನೂ ಬರೆದುಬಿಟ್ಟ. ಮುದ್ರಣವಾದ ಮೇಲೆ ಕಣ್ಣಿಗೆ ಬಿತ್ತು. ಆರು ಫಲಕಗಳ ಮರುಮುದ್ರಣಕ್ಕೆ ನನ್ನ ಸಂಭಾವನೆಯ ಮೂರನೆಯ ಒಂದು ಭಾಗ ಹೋಯಿತು. ತಿದ್ದಿದ ಕೆಲಸಕ್ಕೆ ಬಿಡಿಗಾಸೂ ಬರಲಿಲ್ಲ.

ಎರಡನೆಯ ಸುತ್ತಿಗೆ ‘ಪಳೆಯುಳಿಕೆ ಸಮೃದ್ಧ ಸ್ತರ’ ಎಂದೆ. ನಿಘಂಟು ಹಿಡಿದು ಕೂತ ಯಾರೇ ಆದರೂ ಹಾಗೆಯೇ ಬರೆಯುತ್ತಾರೆ. ಲಾಸ್ ಏಂಜಲೀಸಿನ ಲಾ ಬ್ರೆಯ ಫಲಕ ಬರುವವರೆಗೆ ಚೆನ್ನಾಗಿಯೇ ಓಡಿತು. ನೆಲದಿಂದ ಒಸರುವ ಡಾಂಬರಿನ ಗುಂಡಿಗಳನ್ನು ಸ್ತರ ಎನ್ನುವುದು ಹೇಗೆ? ಮರದ ಅಂಟು ಗಟ್ಟಿಯಾದ ಅಂಬರಿನೊಳಗಿನ ಕೀಟಕ್ಕೆ ಸ್ತರ ಎಲ್ಲಿಯದು? ‘ಸ್ತರ’ ಬಿತ್ತು. ‘ಸಮೃದ್ಧ’ವನ್ನು ಬೀಳಿಸಿದ್ದು ಜರ್ಮನಿಯ ಜೋಲ್ನ್‌ಹೋಫನ್. 1861ರಲ್ಲಿ ಆರ್ಕಿಯೋಪ್ಟೆರಿಕ್ಸ್ ಎಂಬ ಆದಿಪಕ್ಷಿಯ ಗರಿ ಬೆಳಕಿಗೆ ಬಂದ ಆ ಸುಣ್ಣಕಲ್ಲಿನಲ್ಲಿ ಪಳೆಯುಳಿಕೆಗಳು ಬಹಳ ವಿರಳ. ಹಾಸುಗಲ್ಲುಗಳನ್ನು ಒಂದಾದ ಮೇಲೊಂದು ಸೀಳುತ್ತಾ ಹೋದರೂ ಬರಿಗೈಯಲ್ಲಿ ಏಳುವ ದಿನಗಳೇ ಹೆಚ್ಚು. ಸಿಕ್ಕಿದ್ದು ಮಾತ್ರ ಗರಿಯ ಎಳೆ ಎಣಿಸುವಷ್ಟು ಸ್ಪಷ್ಟ. ಅಲ್ಲಿಗೆ ‘ಸಮೃದ್ಧ’ ಎನ್ನುವುದು ಸುಳ್ಳಾಯಿತು.

ಆಮೇಲೆ ‘ಪಳೆಯುಳಿಕೆ ಗಣಿ’ ಎಂದೆ. ಅಗೆದು ಮಾರುತ್ತಾರೆಂದುಕೊಂಡರು. ‘ಪಳೆಯುಳಿಕೆ ಕಣಜ’ ನನಗೆ ಬಹಳ ಇಷ್ಟವಾಗಿತ್ತು, ಆದರೆ ‘ಜ್ಞಾನದ ಕಣಜ’ ಎಂದು ಸನ್ಮಾನ ಪತ್ರಗಳು ಅದನ್ನು ಸವೆಸಿಬಿಟ್ಟಿವೆ. ಓದಿದವರೊಬ್ಬರು ವಸ್ತುಸಂಗ್ರಹಾಲಯವೇ ಎಂದು ಕೇಳಿದರು. ಇನ್ನೊಬ್ಬರು ಲಾಗರ್ ಎಂದರೆ ಬಿಯರ್ ಅಲ್ಲವೇ ಎಂದರು. ಅವರ ಪ್ರಶ್ನೆ ದಡ್ಡತನದ್ದಲ್ಲ. ತಣ್ಣಗೆ ಕೂಡಿಟ್ಟು ಹದಗೊಳಿಸುವ ಬಿಯರಿಗೆ ಆ ಹೆಸರು ಬಂದದ್ದೂ ಕೂಡಿಡುವ ಜಾಗ ಎಂಬ ಅರ್ಥದ ಇದೇ ಲಾಗರಿನಿಂದ.

ದಾರಿ ಸಿಕ್ಕಿದ್ದು ಬೇರೆ ಕಡೆ. ಜರ್ಮನ್ ಪಳೆಯುಳಿಕೆ ವಿಜ್ಞಾನಿ ಅಡೋಲ್ಫ್ ಸೈಲಾಖರ್ 1970ರಲ್ಲಿ ಈ ಪದವನ್ನು ಪಳೆಯುಳಿಕೆಗಳಿಗೆ ತಂದದ್ದು ಗಣಿಗಾರರ ಬಾಯಿಂದ. ಅವರಿಗೆ ಅದು ಅದಿರು, ಕಲ್ಲಿದ್ದಲು ಇರುವ, ಅಗೆದರೆ ಗಿಟ್ಟುವ ಜಾಗ. ನಮ್ಮಲ್ಲಿ ಅದಕ್ಕೇನು ಪದವಿಲ್ಲವೇ? ‘ಅದಿರಿನ ನಿಕ್ಷೇಪ’ ಎಂದು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ದಾನಶಾಸನಗಳಲ್ಲಿ ಭೂಮಿಯ ಜೊತೆ ಕೊಡುವ ಎಂಟು ಹಕ್ಕುಗಳ, ಅಂದರೆ ಅಷ್ಟಭೋಗದ ಪಟ್ಟಿ ಶುರುವಾಗುವುದೇ ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂದು. ಕಣ್ಣೆದುರೇ ಇದ್ದ ಪದಕ್ಕಾಗಿ ಎಂಟು ತಿಂಗಳು ಅಲೆದಿದ್ದೆ.

ಆದರೆ ಬರಿಯ ‘ಪಳೆಯುಳಿಕೆ ನಿಕ್ಷೇಪ’ ಸಾಲದು, ನಾಲ್ಕು ಚಿಪ್ಪು ಸಿಕ್ಕಿದ ದಿಬ್ಬಕ್ಕೂ ಅದನ್ನೇ ಅನ್ನುತ್ತಾರೆ. ಸೈಲಾಖರ್ ಮಾಡಿದ ಎರಡು ಬಗೆಗಳನ್ನೇ ಹಿಡಿದೆ. ಎಲುಬು, ಚಿಪ್ಪುಗಳು ಒಂದೆಡೆ ಒಟ್ಟುಗೂಡಿರುವುದು ‘ರಾಶಿ ನಿಕ್ಷೇಪ’. ಮೆದು ಅಂಗಾಂಗ, ಚರ್ಮ, ಗರಿಗಳೂ ಕೆಡದೆ ಉಳಿದಿರುವುದು ‘ಕಾಪು ನಿಕ್ಷೇಪ’. ಇಂಗ್ಲೆಂಡಿನ ಲಡ್ಲೋ ಎಲುಬು ಪದರ ರಾಶಿ. 1909ರಲ್ಲಿ ಅಮೆರಿಕದ ವಿಜ್ಞಾನಿ ವಾಲ್ಕಾಟ್ ಕಂಡ ಕೆನಡಾದ ಬರ್ಜೆಸ್ ಶೇಲ್, 1984ರಲ್ಲಿ ಚೀನಾದಲ್ಲಿ ಸಿಕ್ಕಿದ ಚೆಂಗ್‌ಜಿಯಾಂಗ್ ಎರಡೂ ಕಾಪು. ಲಾ ಬ್ರೆಯದಲ್ಲಿ ತೋಳಗಳ ಎಲುಬು ಸಾವಿರಗಟ್ಟಲೆ, ಮಾಂಸ ಚರ್ಮಗಳಿಲ್ಲ. ಅದನ್ನು ರಾಶಿಗೆ ಹಾಕಿದೆ. ಡಾಂಬರೇ ಎಲುಬನ್ನು ಕಾಪಾಡಿದ್ದು ಎಂದು ತಕರಾರು ಎತ್ತುವವರಿದ್ದಾರೆ, ಎತ್ತಲಿ. ‘ಸಾಂದ್ರೀಕೃತ’, ‘ಸಂರಕ್ಷಿತ’ ಎಂದು ಬರೆಯಬೇಕಿತ್ತು ಎಂದವರೂ ಇದ್ದಾರೆ. ‘ಸಂರಕ್ಷಿತ ನಿಕ್ಷೇಪ’ ಎಂದರೆ ಬೇಲಿ ಹಾಕಿ ಕಾವಲು ಇಟ್ಟ ಜಾಗ ಎಂದು ಓದುಗ ತಿಳಿಯುತ್ತಾನೆ. ಇದನ್ನು ಪರೀಕ್ಷಿಸಿಯೇ ಹೇಳುತ್ತಿದ್ದೇನೆ.

ಪರೀಕ್ಷೆಯೇ ನನ್ನ ವಿಧಾನದ ಬೆನ್ನೆಲುಬು. ಅರ್ಥವಾಯಿತೇ ಎಂದು ಯಾರನ್ನೂ ಕೇಳಬಾರದು, ಎಲ್ಲರೂ ಹೂಂ ಅನ್ನುತ್ತಾರೆ. ಫಲಕ ಓದಿಸಿ ‘ಇಲ್ಲಿ ಅಗೆದರೆ ಏನು ಸಿಗುತ್ತದೆ, ಎಷ್ಟು ಸಿಗುತ್ತದೆ?’ ಎಂದು ಕೇಳುತ್ತೇನೆ. ‘ಸಮೃದ್ಧ ಸ್ತರ’ಕ್ಕೆ ಹನ್ನೆರಡು ಜನರಲ್ಲಿ ಮೂವರು ಸರಿಯಾಗಿ ಹೇಳಿದ್ದರು. ರಾಶಿ-ಕಾಪು ಜೋಡಿಗೆ ಒಂಬತ್ತೋ ಹತ್ತೋ ಜನ. ಒಟ್ಟು ಐದು ಪ್ರಶ್ನೆಗಳಿವೆ. ಕೊನೆಯದು ಯಾವುದೆಂದು ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಮೂಲಪದವನ್ನು ಮೊದಲ ಫಲಕದಲ್ಲಿ ಒಂದೇ ಸಲ ಬರೆದು ಮತ್ತೆ ಅದರ ಸುದ್ದಿಗೆ ಹೋಗುವುದಿಲ್ಲ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಕೆಸರು ಒಮ್ಮೆಗೇ ಕವಿದು ಆದದ್ದು, ಆಮ್ಲಜನಕವಿಲ್ಲದ ನೀರಿನ ತಳದಲ್ಲಿ ಆದದ್ದು, ಅಂಟಿನಲ್ಲಿ ಸಿಕ್ಕಿಬಿದ್ದದ್ದು ಎಂದು ಕಾಪಿನಲ್ಲೇ ಇರುವ ಉಪಬಗೆಗಳಿಗೂ ಹೆಸರಿಡಲು ಹೋದೆ. ‘ಮುಚ್ಚುಗಾಪು’, ‘ಉಸಿರಿಲ್ಲಗಾಪು’, ‘ಅಂಟುಗಾಪು’. ಮನೆಯವರು ನಕ್ಕರು, ಎರಡು ವಾರ ಮಣ್ಣುಪಾಲಾಯಿತು. ಅಂಟುಗಾಪು ಮಾತ್ರ ಇನ್ನೂ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ.

ಎರಡನೆಯ ಪ್ರದರ್ಶನಕ್ಕೆ ಕರೆ ಬಂದಾಗ ಸಂಭಾವನೆ ಒಂದೂವರೆ ಪಟ್ಟಾಗಿತ್ತು. ಜರ್ಮನ್ನಿನಲ್ಲೇ ಬಿಡು ಎಂದಿದ್ದ ಹಿರಿಯರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ‘ಕಾಪು ನಿಕ್ಷೇಪ’ವನ್ನು ಕೂಡಿಸಿ ಬರೆಯಬೇಕೇ, ಬಿಡಿಸಿಯೇ ಎಂದು ಕೇಳಿದರು. ಬಿಡಿಸಿ ಬರೆಯಿರಿ ಸಾರ್, ಫಲಕದಲ್ಲಿ ಸಾಲು ಮುರಿಯಲು ಅನುಕೂಲ ಎಂದೆ.