ದಾಖಲೆ ವಿಭಾಗದವರ ಪರೀಕ್ಷೆಗೆ ಪಾಸಿನ ಗೆರೆ ಎಳೆದದ್ದು ಹೀಗೆ

ಆಸ್ಪತ್ರೆಯ ದಾಖಲೆ ವಿಭಾಗದವರಿಗೆ ಪ್ರಮಾಣಪತ್ರ ಕೊಡಬೇಕಾದರೆ ಮೊದಲು ಸಾಮರ್ಥ್ಯಗಳ ಪಟ್ಟಿ ಬೇಕು. ನಮ್ಮ ಮೊದಲ ಕರಡಿನ ತುಂಬ ‘ಐಸಿಡಿ-10 (ವಿಶ್ವ ಆರೋಗ್ಯ ಸಂಸ್ಥೆಯ ರೋಗ ಕೋಡ್‌ಗಳ ಪಟ್ಟಿ) ತಿಳಿದಿರಬೇಕು’, ‘ಗೋಪ್ಯತೆಯ ಅರಿವಿರಬೇಕು’ ಎಂಬಂಥ ಸಾಲುಗಳೇ ಇದ್ದವು. ಅರಿವನ್ನು ಅಳೆಯುವುದು ಯಾವುದರಿಂದ? ಅದನ್ನು ಬಿಟ್ಟು, ನೋಂದಣಿ ಕೌಂಟರಿನಲ್ಲೂ ದಾಖಲೆ ಕೋಣೆಯಲ್ಲೂ ಎರಡೆರಡು ಪಾಳಿ ಕೂತು, ನಡೆಯುವ ಕೆಲಸಗಳನ್ನೆಲ್ಲ ಬರೆದುಕೊಂಡೆವು. ಒಂದೊಂದಕ್ಕೂ ಎರಡು ಅಂಕ: ಎಷ್ಟು ಸಲ ಮಾಡುತ್ತಾರೆ, ತಪ್ಪಿದರೆ ರೋಗಿಗೆ ಎಷ್ಟು ಹಾನಿ. ಇವೆರಡನ್ನೂ ಗುಣಿಸಬೇಡಿ. ಗುಣಿಸಿದರೆ ಅಪರೂಪದ, ಆದರೆ ಜೀವಕ್ಕೆ ಕುತ್ತು ತರುವ ಕೆಲಸಗಳು ಪಟ್ಟಿಯ ತಳಕ್ಕೆ ಜಾರುತ್ತವೆ.

ಎರಡು ದಾಖಲೆ ಮರ್ಜ್ ಮಾಡುವುದು, ಅಂದರೆ ಒಬ್ಬನದೇ ಎಂದು ಒಂದಾಗಿಸುವುದು, ಅಂಥ ಕೆಲಸ. ಪರೀಕ್ಷೆಯಲ್ಲಿ ಕೊಡುವ ಸನ್ನಿವೇಶ ಹೀಗಿದೆ. ಅಣ್ಣತಮ್ಮಂದಿರ ಮಕ್ಕಳಿಬ್ಬರಿಗೂ ತಾತನ ಹೆಸರೇ, ಮಂಜುನಾಥ. ಒಂದೇ ವಯಸ್ಸು, ಒಂದೇ ಊರು, ಮನೆಗೆಲ್ಲ ಒಂದೇ ಮೊಬೈಲ್ ನಂಬರ್. ಒಬ್ಬನಿಗೆ ಪೆನಿಸಿಲಿನ್ ಅಲರ್ಜಿ. ತಂದೆಯ ಹೆಸರು, ಹುಟ್ಟಿದ ದಿನ, 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆ ತಾಳೆ ನೋಡದೆ ಮರ್ಜ್ ಒತ್ತಿದ ಅಭ್ಯರ್ಥಿ ಬೇರೆಲ್ಲದರಲ್ಲಿ ನೂರಕ್ಕೆ ನೂರು ತೆಗೆದರೂ ಫೇಲ್.

ಕೋಡಿಂಗ್‌ನಲ್ಲಿ (ರೋಗಕ್ಕೆ ತಕ್ಕ ಕೋಡ್ ಬರೆಯುವುದರಲ್ಲಿ) ಪರೀಕ್ಷಿಸುವುದು ನೆನಪಿನ ಶಕ್ತಿಯನ್ನಲ್ಲ, ಪುಸ್ತಕ ತೆರೆದೇ ಇರಲಿ. ಕೇಸ್ ಶೀಟಿನಲ್ಲಿ ಬರೀ ‘ಡಿಎಂ’ (ಮಧುಮೇಹ) ಎಂದಿದೆ, ಕೆಳಗೆ ಅದರ ಮಾತ್ರೆ ಮೆಟ್‌ಫಾರ್ಮಿನ್. ಮಾತ್ರೆ ನೋಡಿ ಟೈಪ್ 2 ಎಂದು ಊಹಿಸಿ ಇ11 ಬರೆಯುವುದು ತಪ್ಪು. ಡಾಕ್ಟರನ್ನು ಕೇಳಬೇಕು, ಉತ್ತರ ಸಿಗದಿದ್ದರೆ ಮಾತ್ರ ಯಾವ ಬಗೆಯ ಮಧುಮೇಹವೆಂದು ಹೇಳದ ಕೋಡ್, ಇ14.

ನಿಜವಾದ ತಲೆನೋವು ಪಾಸ್ ಅಂಕ. ‘ನೂರಕ್ಕೆ 50’ ಎನ್ನುವುದು ಬರೀ ರೂಢಿ. ನಾವು ಬಳಸಿದ್ದು ಆಂಗಾಫ್ ವಿಧಾನ. ಕೆಲಸ ಬಲ್ಲ ಆರು ಮಂದಿ, ‘ಗಡಿಯಂಚಿನ (ಪಾಸಾಗಲು ಬೇಕಾದಷ್ಟೇ ಕೆಲಸ ಬಲ್ಲ) 100 ಅಭ್ಯರ್ಥಿಗಳಲ್ಲಿ ಎಷ್ಟು ಜನ ಈ ಪ್ರಶ್ನೆಗೆ ಸರಿ ಉತ್ತರ ಕೊಟ್ಟಾರು?’ ಎಂದು ಪ್ರತಿ ಪ್ರಶ್ನೆಗೂ ಬೇರೆಬೇರೆಯಾಗಿ ಅಂದಾಜು ಬರೆಯುತ್ತಾರೆ. 60, 70, 50, 65, 75, 70 ಬಂದರೆ ಆ ಪ್ರಶ್ನೆಯ ಸರಾಸರಿ 65. ಎಲ್ಲ ಪ್ರಶ್ನೆಗಳ ಸರಾಸರಿಯೇ ಶೇಕಡಾವಾರು ಪಾಸ್ ಅಂಕ. ಎಡವಟ್ಟಾಗುವುದು ಇಲ್ಲೇ: ಗಡಿಯಂಚಿನವರ ಬದಲು ತಮ್ಮ ವಿಭಾಗದ ಅತಿ ಚುರುಕಿನವರನ್ನೇ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ, ಗೆರೆ ಮೇಲೇರಿ ಕೆಲಸ ಬಲ್ಲವರೂ ಫೇಲಾಗುತ್ತಾರೆ. ಆ ಗಡಿಯಂಚಿನ ಅಭ್ಯರ್ಥಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಒಂದು ಪುಟ ಬರೆದು ಎಲ್ಲರೂ ಒಪ್ಪಿದ ಮೇಲೆಯೇ ಅಂದಾಜಿಗೆ ಕೂರಿಸಿ. ಒಂದು ಸುತ್ತು ಮುಗಿದ ಮೇಲೆ, ಇದೇ ಪ್ರಶ್ನೆಗಳನ್ನು ಮೊದಲೇ ಕೆಲವರಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ ತೋರಿಸಿ, ಇನ್ನೊಂದು ಸುತ್ತು ನಡೆಸಿ.

ಪ್ರಮಾಣಪತ್ರದ ಮೇಲೆ ‘ಐಸಿಡಿ-10’ ಎಂದು ಆವೃತ್ತಿಯನ್ನೂ ಮುದ್ರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿ 1ರಂದು. ಅಲ್ಲಿ ಟೈಪ್ 2 ಮಧುಮೇಹದ ಕೋಡ್ ಇ11 ಅಲ್ಲ, 5ಎ11.