ಪ್ಲೈವುಡ್ ದೋಣಿಗೆ ಎಪಾಕ್ಸಿ ಎಷ್ಟು ಭಾರ ಸೇರಿಸುತ್ತದೆ? ನಾನು ಕಂಡುಕೊಂಡ ದಾರಿ

ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿರುವವರಿಗೆ ದೋಣಿ ಹಗುರ ಇರಲೇಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಕೆಸರು ದಾಟಿ ಹೊತ್ತೇ ಒಯ್ಯಬೇಕು, ಅಲ್ವಾ? ಪ್ಲೈವುಡ್ ತೂಕ ಗೊತ್ತಿತ್ತು. ಅದರ ಮೇಲೆ ಹಾಸುವ ಫೈಬರ್ ಗ್ಲಾಸ್ ಬಟ್ಟೆ, ಅದನ್ನು ನೆನೆಸಿ ಅಂಟಿಸುವ ಎಪಾಕ್ಸಿ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಎಷ್ಟು ಭಾರ ಸೇರಿಸುತ್ತವೆ ಎಂಬುದೇ ಪ್ರಶ್ನೆಯಾಗಿತ್ತು.

ಬಟ್ಟೆಯ ಲೆಕ್ಕ ಸುಲಭ. ನಾನು ತಂದದ್ದು ಚದರ ಮೀಟರಿಗೆ 200 ಗ್ರಾಂನದು. ಅದು ನೆನೆಯಲು ಹೆಚ್ಚುಕಡಿಮೆ ಅಷ್ಟೇ ತೂಕದ ಎಪಾಕ್ಸಿ ಸಾಕು. ನೇಯ್ಗೆಯ ಗುಣಿ ತುಂಬಲು ಹಚ್ಚುವ ಕೋಟ್‌ಗಳು ಮತ್ತೆ ಅಷ್ಟೇ, ಇಲ್ಲ ಇನ್ನೂ ಜಾಸ್ತಿ ಭಾರ ಸೇರಿಸುತ್ತವೆ. ಇದನ್ನು ಊಹಿಸುವುದು ಕಷ್ಟ.

ಅದಕ್ಕೇ ಒಂದು ಚದರ ಅಡಿ ಪ್ಲೈವುಡ್ ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಬಟ್ಟೆ ಹಾಸಿ, ಎಪಾಕ್ಸಿ ಸುರಿದು, ರಬ್ಬರ್ ಪಟ್ಟಿಯಿಂದ ಎಳೆದೆ. ಬಿಳಿ ಬಣ್ಣ ಹೋಗಿ ಕೆಳಗಿನ ಮರ ಕಾಣಬೇಕು, ಆದರೆ ನೇಯ್ಗೆಯ ಗೆರೆ ಉಳಿದಿರಬೇಕು. ಕನ್ನಡಿಯ ಹಾಗೆ ಹೊಳೆದರೆ ಬಟ್ಟೆ ಎಪಾಕ್ಸಿಯಲ್ಲಿ ತೇಲುತ್ತಿದೆ ಎಂದರ್ಥ. ಅದು ಸುಮ್ನೆ ಭಾರ, ಬಲವೇನೂ ಹೆಚ್ಚುವುದಿಲ್ಲ. ಮೇಲಿನ ಕೋಟ್‌ಗಳೂ ಗಟ್ಟಿಯಾದ ಮೇಲೆ ತೂಗಿದರೆ 60 ಗ್ರಾಂ ಏರಿತ್ತು. ದೋಣಿಯ ಹೊರಮೈ 54 ಚದರ ಅಡಿ. ಅಂದರೆ ಸುಮಾರು ಮೂರೂಕಾಲು ಕೆಜಿ!

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಈ ಪರೀಕ್ಷೆ ಬೇಡ. ಪ್ಲೈವುಡ್ ತೇವ ಹೀರಿ ತೂಕವೇ ಬದಲಾಗುತ್ತದೆ. ಚಳಿಗೆ ಎಪಾಕ್ಸಿ ಮಂದವಾಗಿ ಜಾಸ್ತಿ ಕೂರುತ್ತದೆ.

ಸಂದಿಗೆ ಅಂಟಿಸುವ ಪಟ್ಟಿ, ಮೂಲೆಗೆ ತುಂಬುವ ಪುಟ್ಟಿ ಈ ಲೆಕ್ಕದಲ್ಲಿಲ್ಲ. ಅವಕ್ಕೆ ಕಲಸಿದ ಪ್ರತಿ ಡಬ್ಬಿಯನ್ನೂ ಹಚ್ಚುವ ಮುಂಚೆ, ಹಚ್ಚಿದ ಮೇಲೆ ತೂಗಿ ಬರೆದಿಟ್ಟೆ.