ಕಾಯಿಲೆಯ ಸುದ್ದಿ ನೆಂಟರಿಗೆ ಮುಟ್ಟಿಸಲು ಬ್ರಾಡ್‌ಕಾಸ್ಟ್ ಪಟ್ಟಿ

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಸುದ್ದಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ವಾಟ್ಸಾಪ್‌ನಲ್ಲಿಯೇ ಇರುವ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಒಂದು ಪಟ್ಟಿಗೆ 256 ಮಂದಿಯವರೆಗೆ ಸೇರಿಸಬಹುದು. ಸಂದೇಶ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ, ಉತ್ತರ ನಿಮಗೆ ಮಾತ್ರ ಬರುತ್ತದೆ. ಹಾಗಾಗಿ ಬದಿಯಡ್ಕದ ದೊಡ್ಡಮ್ಮನ ಕಷಾಯಕ್ಕೂ ಮಂಜೇಶ್ವರದ ಭಾವನ ಮಾತ್ರೆಗೂ ಎಲ್ಲರೆದುರು ಜಟಾಪಟಿ ಆಗುವುದಿಲ್ಲ, ಶುಭೋದಯದ ಹೂಗಳ ರಾಶಿಯಡಿ ಸುದ್ದಿ ಹೂತುಹೋಗುವುದೂ ಇಲ್ಲ. ಮೊದಲು ತಾರೀಕು, ಕೊನೆಗೆ ನೋಡಲು ಬರಬೇಕೋ ಬೇಡವೋ ಎಂಬುದು ಇರಲೇಬೇಕು: ‘12ನೇ ತಾರೀಕು, ಸಂಜೆ. ಅಪ್ಪನಿಗೆ ಜ್ವರ ಇಳಿದಿದೆ, ಗಂಜಿ ಕುಡಿದರು. ಮಂಗಳೂರಿಗೆ ಯಾರೂ ಬರುವುದು ಬೇಡ, ಭಾನುವಾರ ನಾವೇ ಮನೆಗೆ ಬರುತ್ತೇವೆ.’ ತಾರೀಕಿಲ್ಲದ ಸುದ್ದಿಯನ್ನು ಯಾರೋ ಮೂರು ದಿನ ಬಿಟ್ಟು ಮುಂದೆ ದಾಟಿಸಿದರೆ ಇಳಿದ ಜ್ವರ ಮತ್ತೆ ಏರುತ್ತದೆ! ಮಲಯಾಳ ಮಾಧ್ಯಮದಲ್ಲಿ ಓದಿದ ನಮ್ಮ ಕಾಸರಗೋಡಿನ ಮಕ್ಕಳಲ್ಲಿ ಕೆಲವರಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರಿಗಾಗಿ ಅದನ್ನೇ ಅರ್ಧ ನಿಮಿಷದ ಧ್ವನಿ ಸಂದೇಶವಾಗಿಯೂ ಕಳುಹಿಸಿ. ಒಂದು ತೊಡಕಿದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳದವರಿಗೆ ಇದು ತಲುಪುವುದೇ ಇಲ್ಲ, ತಲುಪಲಿಲ್ಲವೆಂದು ನಿಮಗೆ ಸುಲಭಕ್ಕೆ ತಿಳಿಯುವುದೂ ಇಲ್ಲ. ಹೊಸ ಸಿಮ್ ಹಾಕಿಸಿಕೊಂಡು ನಂಬರ್ ಬದಲಾಗಿದ್ದರೆ, ಅದನ್ನು ಉಳಿಸಿಕೊಳ್ಳಲು ಎಲ್ಲರಿಗೂ ಮೊದಲೇ ಹೇಳಿ. ರಕ್ತ ಬೇಕಾದಾಗ, ಸಾವಾದಾಗ ಇದು ಸಲ್ಲದು. ಅಲ್ಲಿ ಕರೆಯನ್ನೇ ಮಾಡಬೇಕು.